ಮಕ್ಕಳ ಕೈಗೆ ದುಡ್ಡು: ವಾರದ ಪಾಕೆಟ್ ಮನಿ, ಹಬ್ಬದ ಕಾಸು, ಗೋಲಕ, ಪಿಗ್ಮಿ, ಬ್ಯಾಂಕ್ ಅಕೌಂಟ್, ಯಾವ ವಯಸ್ಸಿಗೆ ಯಾವುದು ಸರಿ?

ನೆಂಟರು ಹೊರಡೋವಾಗ ಮಗು ಕೈಗೆ ನೂರರ ನೋಟು ತುರುಕ್ತಾರೆ, "ಅಯ್ಯೋ ಬೇಡ ಬೇಡ, ಯಾಕಿದೆಲ್ಲ" ಅಂತ ನಾವು ಎರಡು ಸಲ ಹೇಳ್ತೀವಿ, ಅವ್ರು ಆ ಕಡೆ ಬಸ್ ಹತ್ತಿದ ತಕ್ಷಣ "ಕೊಡಿಲ್ಲಿ ಪುಟ್ಟಿ, ನಾನು ಎತ್ತಿಟ್ಟಿರ್ತೀನಿ" ಅಂತ ಆ ನೋಟು ನಮ್ಮ ಕೈಗೆ ಬರುತ್ತೆ. ಆಮೇಲೆ ಅದು ತರಕಾರಿಗೋ ಗ್ಯಾಸಿಗೋ ಹೋಗುತ್ತೆ, ಯಾರೂ ಲೆಕ್ಕ ಕೇಳಲ್ಲ, ಮಗು ಮಾತ್ರ ಮರೆಯಲ್ಲ. ನಾನು ಚಿಕ್ಕವಳಿದ್ದಾಗ ಹಾಗೇ ಕೊಟ್ಟಿದ್ದೀನಿ, ದೊಡ್ಡವಳಾದ ಮೇಲೆ ನನ್ನ ಮಗಳ ಹತ್ರಾನೂ ಹಾಗೇ ಇಸ್ಕೊಂಡಿದ್ದೀನಿ. ಅದರ ಕಥೆ ಕೊನೆಗೆ ಹೇಳ್ತೀನಿ.

ನಮ್ಮದು ತುಮಕೂರು. ಮಗಳಿಗೆ ಹದಿಮೂರು, ಮಗನಿಗೆ ಎಂಟು. ಇವರಿಬ್ಬರ ಜೊತೆ ಐದಾರು ವರ್ಷದಿಂದ ಸುಮಾರು ಎಲ್ಲ ದಾರಿನೂ ನೋಡಿ ಆಯ್ತು, ಕೆಲವು ಮೂರು ವಾರಕ್ಕೇ ನಿಂತ್ಹೋದ್ವು, ಕೆಲವು ಇವತ್ತಿಗೂ ನಡೀತಿವೆ. ಹೋಲಿಸೋವಾಗ ನಾನು ಮುಖ್ಯವಾಗಿ ನೋಡೋದು ಒಂದೇ, ದುಡ್ಡಿನ ವಿಷಯದಲ್ಲಿ ಮಗುಗೆ ಕೊಟ್ಟ ಮಾತಿಗೆ ಮನೆಯ ದೊಡ್ಡವರು ವರ್ಷಪೂರ್ತಿ ನಿಲ್ಲೋಕಾಗುತ್ತಾ ಅಂತ. ನಿಲ್ಲೋಕಾಗೋದನ್ನ ಆರಿಸ್ಕೊಳ್ಳಿ, ಅದು ಹತ್ತು ರೂಪಾಯಿದಾದ್ರೂ ಪರವಾಗಿಲ್ಲ.

ಕೇಳಿದಾಗ ಕೊಡೋದಾ, ವಾರಕ್ಕಿಷ್ಟು ಅಂತ ಕೊಡೋದಾ?

ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಇರೋದು ಕೇಳಿದಾಗ ಕೊಡೋ ಪದ್ಧತಿ. ಇದರಲ್ಲಿ ತಪ್ಪೇನಿದೆ ಅಂತ ನಮ್ಮೆಜಮಾನ್ರು ತುಂಬಾ ದಿನ ವಾದ ಮಾಡಿದ್ರು, ಬೇಕಾದ್ದು ಕೊಡಿಸ್ತೀವಲ್ಲ, ಕೈಗೆ ಯಾಕೆ ದುಡ್ಡು ಅಂತ. ಆದ್ರೆ ಕೇಳಿದಾಗ ಕೊಡೋ ಮನೇಲಿ ಮಗು ಕಲಿಯೋದು ಕೇಳೋದನ್ನ. ಅಪ್ಪ ಖುಷಿಯಾಗಿದ್ದಾಗ ಕೇಳ್ಬೇಕು, ನೆಂಟರೆದುರು ಕೇಳಿದ್ರೆ ಇಲ್ಲ ಅನ್ನಲ್ಲ, ಅಮ್ಮ ಬೇಡ ಅಂದ್ರೆ ಅಜ್ಜಿ ಹತ್ರ ಹೋಗ್ಬೇಕು, ಇಷ್ಟು ಆರು ವರ್ಷದ ಮಗುಗೂ ಗೊತ್ತಾಗ್ಬಿಡುತ್ತೆ. ದುಡ್ಡು ಮುಗಿಯುತ್ತೆ ಅನ್ನೋದು ಮಾತ್ರ ಗೊತ್ತಾಗಲ್ಲ, ಯಾಕಂದ್ರೆ ಅವರ ಪಾಲಿಗೆ ಅದು ಯಾವತ್ತೂ ಮುಗಿದೇ ಇಲ್ಲ.

ವಾರಕ್ಕಿಷ್ಟು ಅಂತ ಕೊಟ್ರೆ ಮುಗಿಯುತ್ತೆ. ಮಗಳಿಗೆ ಒಂಬತ್ತು ವರ್ಷ ಇದ್ದಾಗ ಭಾನುವಾರ ಬೆಳಿಗ್ಗೆ ಐವತ್ತು ರೂಪಾಯಿ ಅಂತ ಶುರು ಮಾಡಿದ್ವಿ. ಮೊದಲ ವಾರ ಮಂಗಳವಾರಕ್ಕೇ ಖಾಲಿ. ಬುಧವಾರ ಫ್ರೆಂಡ್ಸ್ ಎಲ್ಲ ಐಸ್ ಕ್ಯಾಂಡಿ ತಗೊಂಡ್ರಂತೆ, ಇವಳು ಸುಮ್ನೆ ನಿಂತಿದ್ಲಂತೆ, ಸಂಜೆ ಬಂದು ಅತ್ತಳು. ಆವಾಗ ಇನ್ನೊಂದು ಇಪ್ಪತ್ತು ಕೊಟ್ಬಿಡೋಣ ಅಂತ ನನ್ನ ಕೈ ಪರ್ಸಿಗೆ ಹೋಗಿತ್ತು. ಕೊಡಲಿಲ್ಲ. ಪಕ್ಕದಲ್ಲಿ ಕೂತ್ಕೊಂಡು ಎಲ್ಲೆಲ್ಲಿ ಹೋಯ್ತು ಅಂತ ಇಬ್ಬರೂ ಬರೆದ್ವಿ, ಬೈಲಿಲ್ಲ. ಎರಡನೇ ವಾರ ಗುರುವಾರದವರೆಗೆ ಬಂತು, ಒಂದೂವರೆ ತಿಂಗಳಾದ ಮೇಲೆ ಒಂದು ಭಾನುವಾರ ಹನ್ನೆರಡು ರೂಪಾಯಿ ಉಳಿದಿದೆ ಅಂತ ಓಡಿ ಬಂದು ತೋರಿಸಿದ್ಲು. ಖಾಲಿಯಾದಾಗ ಇನ್ನಷ್ಟು ಕೊಡೋದಾದ್ರೆ ಈ ಪದ್ಧತಿ ಶುರು ಮಾಡೋದೇ ಬೇಡ, ಅದಕ್ಕಿಂತ ಕೇಳಿದಾಗ ಕೊಡೋದೇ ವಾಸಿ.

ತಿಂಗಳಿಗೊಂದ್ಸಲ ಕೊಟ್ರಾಗಲ್ವಾ ಅಂತ ಕೇಳ್ತಾರೆ. ಹನ್ನೆರಡು ವರ್ಷ ದಾಟಿದ ಮಕ್ಕಳಿಗೆ ಆಗುತ್ತೆ. ಚಿಕ್ಕವರಿಗೆ ತಿಂಗಳು ಅನ್ನೋದು ತುಂಬಾ ಉದ್ದ, ಐದನೇ ತಾರೀಕಿಗೆ ಮುಗಿಸಿಕೊಂಡು ಇಪ್ಪತ್ತೈದು ದಿನ ಕಾಯೋಕೆ ಅವರಿಗಾಗಲ್ಲ, ಅಷ್ಟು ದಿನ ನೋಡ್ತಾ ಇರೋಕೆ ನಮಗೂ ಆಗಲ್ಲ. ಎಷ್ಟು ಕೊಡ್ಬೇಕು ಅನ್ನೋದು ನಿಮ್ಮ ಸಂಪಾದನೆ ನೋಡ್ಕೊಂಡು, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ನಾವೇ ಹೇಳಿಕೊಟ್ಟು ನಾವೇ ಮೀರಬಾರದು. ಅದರಿಂದ ಏನೇನು ಅವರೇ ನೋಡ್ಕೋಬೇಕು ಅನ್ನೋದು ಮಾತ್ರ ಮೊದಲೇ ಮಾತಾಡಿ ಇಟ್ಕೊಳ್ಳಿ. ನಮ್ಮನೇಲಿ ಪೆನ್ಸಿಲ್ಲು, ನೋಟ್‌ಬುಕ್ಕು, ಬಸ್ ಚಾರ್ಜು ನಮ್ಮದು. ಅಂಗಡಿ ತಿಂಡಿ, ಸ್ಟಿಕ್ಕರ್ರು, ಫ್ರೆಂಡ್ ಬರ್ತ್‌ಡೇ ಗಿಫ್ಟು ಅವಳದ್ದು.

ಅಂಗಡಿಗೆ ಕಳಿಸಿ, ಚಿಲ್ಲರೆ ಎಣಿಸೋಕೆ ಬಿಡಿ

ಆರು ಏಳು ವರ್ಷದ ಮಕ್ಕಳಿಗೆ ಪಾಕೆಟ್ ಮನಿಗಿಂತ ಮೊದಲು ಇದು ಬೇಕು ಅನ್ನೋದು ನನ್ನ ಅಭಿಪ್ರಾಯ. ಬೀದಿ ತುದಿ ಅಂಗಡಿಗೆ ಹಾಲಿಗೋ ಕೊತ್ತಂಬರಿಗೋ ಕಳಿಸೋದು, ಕೊಟ್ಟಿದ್ದೆಷ್ಟು, ಬಂದಿದ್ದೆಷ್ಟು, ಬಾಗಿಲಲ್ಲೇ ನಿಂತು ಲೆಕ್ಕ ಒಪ್ಪಿಸಿ ಒಳಗೆ ಬರೋದು. ನಮ್ಮ ಕಾಲದಲ್ಲಿ ನಾಕಾಣೆ ಎಂಟಾಣೆ ಹಿಡ್ಕೊಂಡು ನಾವೆಲ್ಲ ಹೀಗೇ ಕಲಿತಿದ್ದು. ಆ ನಾಕಾಣೆ 2011ರ ಜೂನ್ ಕೊನೆಗೆ ಚಲಾವಣೆಯಿಂದಲೇ ಹೋಯ್ತು, ಈಗಿನ ಮಕ್ಕಳಿಗೆ ಚಿಲ್ಲರೆ ಅಂದ್ರೇನೇ ಅಪರೂಪ, ಎಲ್ಲ ಸ್ಕ್ಯಾನ್. ಅದಕ್ಕೇ ಬೇಕಂತಲೇ ನೋಟು ಕೊಟ್ಟು ಕಳಿಸಬೇಕು. "ಮಿಕ್ಕಿದ್ದು ನೀನಿಟ್ಕೋ" ಅಂತ ಒಂದು ಮಾತಿದೆಯಲ್ಲ, ಅದನ್ನ ದಿನಾ ಹೇಳ್ಬೇಡಿ, ಹೇಳಿದ್ರೆ ಮಿಕ್ಕಲಿ ಅಂತ ಕೊತ್ತಂಬರಿ ಕಟ್ಟು ಚಿಕ್ಕದಾಗ್ತಾ ಹೋಗುತ್ತೆ.

ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ, ಮೆಟ್ರಿಕ್ ಮೇಳ ಅಂತ ಮಾಡ್ತಾರಲ್ಲ, ಮಕ್ಕಳೇ ಸೊಪ್ಪು ತರಕಾರಿ ತಂದು ತಕ್ಕಡಿ ಹಿಡಿದು ಮಾರೋದು, ಅದಕ್ಕೆ ದಯವಿಟ್ಟು ಕಳಿಸಿ, ಮಗುಗೆ ರಜಾ ಹಾಕಿಸ್ಬೇಡಿ. ನನ್ನ ಮಗ ಹೋದ ವರ್ಷ ನಲವತ್ತು ನಿಂಬೆಹಣ್ಣು ತಗೊಂಡು ಹೋಗಿದ್ದ, ಬಂಡವಾಳ ನನ್ನದು, ಎಂಬತ್ತು ರೂಪಾಯಿ. ಮೊದಲು ಹತ್ತಕ್ಕೆ ಮೂರು ಅಂತ ಕೂಗಿದ, ಇಪ್ಪತ್ನಾಲ್ಕು ಹೋದ್ವು. ಬಿಸಿಲು ಏರಿದ ಮೇಲೆ ಜನ ಕಡಿಮೆ ಆದ್ರು, ಪಕ್ಕದ ಹುಡುಗ ಹತ್ತಕ್ಕೆ ನಾಲ್ಕು ಅಂದ, ಇವನೂ ಇಳಿಸಿದ, ಉಳಿದ ಹದಿನಾರೂ ಖರ್ಚಾದ್ವು. ಮನೆಗೆ ಬಂದವನೇ "ಅಮ್ಮ, ನೂರಿಪ್ಪತ್ತು ಲಾಭ!" ಅಂದ. ನನ್ನ ಎಂಬತ್ತು ಎಣಿಸಿ ಕೊಡು ಅಂತ ಕೈ ಚಾಚಿದೆ. ಮುಖ ಸಪ್ಪೆ ಆಯ್ತು, ಆದ್ರೂ ಎಣಿಸಿ ಕೊಟ್ಟ, ಉಳಿದ ನಲವತ್ತನ್ನ ಮೂರು ಸಲ ಎಣಿಸಿದ. ಬಂಡವಾಳ ಬೇರೆ ಲಾಭ ಬೇರೆ ಅಂತ ಎಷ್ಟು ಬಾಯಲ್ಲಿ ಹೇಳಿದ್ರೂ ಅವನಿಗೆ ಹಾಗೆ ಅರ್ಥ ಆಗ್ತಿರಲಿಲ್ಲ.

ಕೆಲಸಕ್ಕೆ ಕೂಲಿ, ಮಾರ್ಕ್ಸಿಗೆ ಬಹುಮಾನ

ತಟ್ಟೆ ತೊಳೆದ್ರೆ ಐದು, ಬಟ್ಟೆ ಮಡಚಿದ್ರೆ ಹತ್ತು ಅಂತ ಗೋಡೆ ಮೇಲೆ ಚಾರ್ಟ್ ಹಾಕಿದ್ದೆ. ಮೂರು ವಾರ ಮನೆ ಫಳಫಳ. ನಾಲ್ಕನೇ ವಾರ ಅತ್ತೆಗೆ ಜ್ವರ ಬಂದು ಮಲಗಿದ್ರು, ಒಂದು ಲೋಟ ಬಿಸಿನೀರು ತಂದುಕೊಡು ಅಂದ್ರೆ ಮಗ "ಎಷ್ಟು ಕೊಡ್ತೀರ ಅಜ್ಜಿ" ಅಂದ. ಆವತ್ತೇ ಚಾರ್ಟ್ ಕಿತ್ತು ಹಾಕಿದೆ. ಮಗು ತಪ್ಪಲ್ಲ, ನಾನು ಹೇಳಿಕೊಟ್ಟಿದ್ದನ್ನೇ ಅವನು ಹೇಳಿದ್ದು. ಮನೆ ಕೆಲಸ ಮನೆಯವರೆಲ್ಲರದ್ದು, ಅದಕ್ಕೆ ಕೂಲಿ ಇಲ್ಲ. ಕಾರು ಸ್ಕೂಟರು ತೊಳೆಯೋದು, ಹಳೇ ಪೇಪರ್ ಕಟ್ಟಿ ಗುಜರಿಗೆ ಹಾಕೋದು, ಹೊರಗಿನವರಿಗೆ ದುಡ್ಡು ಕೊಟ್ಟು ಮಾಡಿಸೋ ಅಂಥ ಕೆಲಸ ಇದ್ರೆ ಅದಕ್ಕೆ ಕೊಡಬಹುದು, ನಾವೀಗ ಅಷ್ಟು ಮಾತ್ರ ಇಟ್ಕೊಂಡಿದ್ದೀವಿ. ಗುಜರಿ ದುಡ್ಡು ಪೂರ್ತಿ ಮಕ್ಕಳದ್ದು, ತೂಕ ಅವರೇ ನಿಂತು ನೋಡ್ಬೇಕು.

ಮಾರ್ಕ್ಸಿಗೆ ದುಡ್ಡು ಬೇಡವೇ ಬೇಡ. ಇಬ್ಬರು ಮಕ್ಕಳಿರೋ ಮನೇಲಂತೂ ಬೇಡ.

ಹಬ್ಬದ ಕಾಸು, ಜಾತ್ರೆ ಕಾಸು

ನಮ್ಮ ಹಿರಿಯರು ಪಾಕೆಟ್ ಮನಿ ಅನ್ನೋ ಹೆಸರು ಕೇಳಿರಲಿಲ್ಲ, ಆದ್ರೆ ಜಾತ್ರೆಗೆ ಹೋಗೋವಾಗ ಮಕ್ಕಳ ಕೈಗೆ ಇಷ್ಟು ಅಂತ ಹಾಕ್ತಿದ್ರು, ಅದು ಮುಗಿದ ಮೇಲೆ ಇಲ್ಲ. ಲೆಕ್ಕಕ್ಕೆ ನೋಡಿದ್ರೆ ಅದೂ ಪಾಕೆಟ್ ಮನಿನೇ, ವರ್ಷಕ್ಕೊಂದು ಸಲದ್ದು. ವಾರವಾರ ಕೊಡೋಕೆ ಆಗದ ಮನೆಗಳಿಗೆ, ದಿನಗೂಲಿ ಮನೆಗಳಿಗೆ, ಇದಕ್ಕಿಂತ ಒಳ್ಳೇದು ಇಲ್ಲ ಅಂತ ನನಗೆ ಈಗಲೂ ಅನ್ಸುತ್ತೆ. ಮಗು ನಿಜವಾಗ್ಲೂ ಆಸೆಪಡೋ ಜಾಗ, ಸಾವಿರ ಥರದ ಸಾಮಾನು, ಕೈಯಲ್ಲಿ ಇಷ್ಟೇ ದುಡ್ಡು.

ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಗೆ ಹೋದಾಗ ಮಗನಿಗೆ ನೂರು ರೂಪಾಯಿ ಕೊಟ್ಟೆ, ಎಲ್ಲ ಒಂದ್ಸಲ ನೋಡ್ಕೊಂಡು ಬಾ, ಆಮೇಲೆ ತಗೋ ಅಂತ ಹೇಳಿದೆ. ಎಲ್ಲಿ ಕೇಳ್ತಾನೆ, ಎರಡನೇ ಅಂಗಡೀಲೇ ದಾರ ಎಳೆದ್ರೆ ಹಾರೋ ಹೆಲಿಕಾಪ್ಟರ್ ತಗೊಂಡ, ಎಂಬತ್ತು. ವಸ್ತು ಪ್ರದರ್ಶನದ ಬಾಗಿಲು ಮುಟ್ಟೋ ಹೊತ್ತಿಗೆ ಅದರ ರೆಕ್ಕೆ ಮುರಿದಿತ್ತು. ಮುಂದೆ ಜೈಂಟ್ ವೀಲು, ಉಳಿದಿರೋದು ಇಪ್ಪತ್ತು. ಮುರಿದ ರೆಕ್ಕೆ ಒಂದು ಕೈಲಿ, ಇಪ್ಪತ್ತರ ನೋಟು ಇನ್ನೊಂದು ಕೈಲಿ ಹಿಡ್ಕೊಂಡು ಮೇಲೆ ತಿರುಗೋ ತೊಟ್ಟಿಲು ನೋಡ್ತಾ ನಿಂತಿದ್ದ, ಆ ಮುಖ ನೋಡಿ ನನಗೇ ಗಂಟಲು ಕಟ್ಟಿತು. ಅಕ್ಕ ತನ್ನ ದುಡ್ಡಲ್ಲಿ ಅವನನ್ನ ಹತ್ತಿಸಿದ್ಲು, ನಾನು ಹೇಳಿರಲಿಲ್ಲ. ಇದಾದ ಮೇಲೆ ಯಾವ ಜಾತ್ರೆಗೆ ಹೋದ್ರೂ ಅವನು ಮೊದಲು ಈ ತುದಿಯಿಂದ ಆ ತುದಿಗೆ ಒಂದು ಸುತ್ತು ಬರ್ತಾನೆ.

ನೆಂಟರು ಕೊಡೋ ಹಬ್ಬದ ದುಡ್ಡು ಬೇರೆ ಥರ. ಗೌರಿ ಹಬ್ಬಕ್ಕೆ ಸೋದರಮಾವ, ದೀಪಾವಳಿಗೆ ತಾತ, ಬೇಸಿಗೆ ರಜೆಗೆ ಊರಿಗೆ ಹೋದ್ರೆ ದೊಡ್ಡಪ್ಪ, ಒಂದೇ ಸಲ ಐನೂರು ಸಾವಿರ ಬಂದ್ಬಿಡುತ್ತೆ. ಅಷ್ಟನ್ನೂ ಮಗು ಕೈಲಿ ಬಿಡೋಕಾಗಲ್ಲ, ಹಾಗಂತ ಅಷ್ಟನ್ನೂ ಕಿತ್ಕೊಂಡ್ರೆ ಕೊಟ್ಟವರ ಪ್ರೀತಿಯನ್ನೇ ಕಿತ್ಕೊಂಡ ಹಾಗೆ. ನಾವೀಗ ಮಾಡೋದು ಇಷ್ಟು: ಐದರಲ್ಲಿ ಒಂದು ಪಾಲು ಅವತ್ತೇ ಅವರ ಇಷ್ಟಕ್ಕೆ, ಉಳಿದದ್ದು ಅವರ ಹೆಸರಿನ ಪುಸ್ತಕದಲ್ಲಿ ತಾರೀಕು ಹಾಕಿ, ಯಾರು ಕೊಟ್ಟಿದ್ದು ಅಂತ ಬರೆದು ಎತ್ತಿಡೋದು. ಬರೆಯೋದು ಮಗು, ಸಹಿ ನನ್ನದು.

ಗೋಲಕ ಮತ್ತೆ ಮುಡುಪು

ಮಣ್ಣಿನ ಗೋಲಕ ತಗೋಳ್ಳೋದಾ, ಕೀ ಇರೋ ಡಬ್ಬಿನಾ? ಮಣ್ಣಿನದ್ದೇ. ಒಡೆಯದೆ ತೆಗೆಯೋಕಾಗಲ್ಲ, ಅಲ್ಲಾಡಿಸಿದ್ರೆ ಸದ್ದು ಬರುತ್ತೆ, ತೂಕ ಏರ್ತಾ ಹೋಗೋದು ಕೈಗೆ ಗೊತ್ತಾಗುತ್ತೆ. ಹನಿ ಹನಿ ಕೂಡಿದ್ರೆ ಹಳ್ಳ ಅನ್ನೋದನ್ನ ಐದು ವರ್ಷದ ಮಗು ಕಿವಿಯಿಂದಲೇ ಕೇಳಬಹುದು. ಕೀ ಡಬ್ಬಿಯ ಕೀ ಯಾರ ಹತ್ರ ಇರುತ್ತೆ ಅನ್ನೋದೇ ಒಂದು ಜಗಳ. ಒಡೆಯೋ ದಿನ ಮೊದಲೇ ಗೊತ್ತಿರಲಿ, ನಮ್ಮದು ಯುಗಾದಿಯ ಹಿಂದಿನ ದಿನ. ಯಾವತ್ತಾದ್ರೂ ಒಡೆಯೋಣ ಅಂದ್ರೆ ಮಗು ಆಸಕ್ತಿ ಕಳ್ಕೊಳ್ಳುತ್ತೆ, ಇಲ್ಲ ನಮಗೇ ಅರ್ಜೆಂಟು ಬಂದು ಒಡೆದು ಹಾಕ್ತೀವಿ.

ಗೋಲಕದ ಒಂದು ಕೊರತೆ, ಅದರಲ್ಲಿರೋ ದುಡ್ಡು ಯಾತಕ್ಕೆ ಅಂತ ಇರಲ್ಲ. ಇಲ್ಲಿ ನನಗೆ ದಾರಿ ತೋರಿಸಿದ್ದು ನಮ್ಮತ್ತೆ ದೇವರ ಮನೆಯ ಮುಡುಪು. ಅರಿಶಿನದ ಬಟ್ಟೇಲಿ ಕಾಸು ಕಟ್ಟಿ ತಿರುಪತಿಗೋ ಧರ್ಮಸ್ಥಳಕ್ಕೋ ಅಂತ ಎತ್ತಿಟ್ರೆ ಮನೇಲಿ ಎಷ್ಟೇ ಕಷ್ಟ ಬಂದ್ರೂ ಆ ಗಂಟನ್ನ ಯಾರೂ ಮುಟ್ಟಲ್ಲ, ಹರಕೆ ತೀರಿಸೋ ದಿನವೇ ಅದು ಬಿಚ್ಚೋದು. ಒಂದು ಕೆಲಸಕ್ಕೆ ಅಂತ ಇಟ್ಟಿದ್ದನ್ನ ಇನ್ನೊಂದಕ್ಕೆ ಮುಟ್ಟಬಾರದು ಅನ್ನೋ ಗಟ್ಟಿ ಅಭ್ಯಾಸ ನಮ್ಮ ಮನೆಗಳಲ್ಲೇ ಇದೆ, ಮಕ್ಕಳಿಗೆ ತೋರಿಸಿರಲಿಲ್ಲ ಅಷ್ಟೇ. ಮಗಳು ಸೈಕಲ್ಲಿಗೆ ಮುಡುಪು ಕಟ್ತೀನಿ ಅಂದಾಗ ಅತ್ತೆ ಒಪ್ಪಲಿಲ್ಲ. "ದೇವರಿಗೆ ಕಟ್ಟೋದು ಬೇರೆ, ಆಸೆಗೆ ಕಟ್ಟೋದು ಬೇರೆ ಕಣಮ್ಮ, ಎರಡನ್ನೂ ಒಂದೇ ಬಟ್ಟೇಲಿ ಕಟ್ಟಬೇಡ" ಅಂದ್ರು. ಅವರ ಮಾತು ಸರಿ ಅನ್ನಿಸ್ತು. ಅರಿಶಿನ ಇಲ್ಲದ ಬಿಳಿ ಬಟ್ಟೆ ಚೀಲ ಹೊಲಿದು ಕೊಟ್ರು ಅವರೇ, ಮೇಲೆ ಸೈಕಲ್ ಅಂತ ಬರೆದು ಬೀರುವಿನಲ್ಲಿ ಇಟ್ವಿ. ಹನ್ನೊಂದು ತಿಂಗಳಾದ ಮೇಲೆ ಅರ್ಧ ದುಡ್ಡು ಅವಳದ್ದು ಅರ್ಧ ನಮ್ಮದು ಹಾಕಿ ಸೈಕಲ್ ಬಂತು. ಹಾಗಾಗಿ ನನ್ನ ಲೆಕ್ಕ, ಎಂಟರವರೆಗೆ ಗೋಲಕ, ಆಮೇಲೆ ಹೆಸರು ಬರೆದ ಚೀಲ.

ಪಿಗ್ಮಿ

ಅಂಗಡಿ ಇಟ್ಕೊಂಡಿರೋರ ಮನೆ ಮಕ್ಕಳಿಗೆ ಇದು ಗೊತ್ತು, ಸಂಜೆ ಪಿಗ್ಮಿಯವರು ಬರ್ತಾರೆ, ಇಪ್ಪತ್ತೋ ಐವತ್ತೋ ತಗೊಂಡು ಮಷೀನಲ್ಲಿ ಚೀಟಿ ಹರಿದು ಕೊಡ್ತಾರೆ. ಇದು ಹುಟ್ಟಿದ್ದು ನಮ್ಮ ಕರಾವಳಿಯಲ್ಲೇ. 1925ರಲ್ಲಿ ಉಡುಪೀಲಿ ಶುರುವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾಗಿದ್ದು, 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿದ್ದು, ಅದು 1928ರಲ್ಲಿ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಿಂದ ಕಟ್ಟಿಸಿಕೊಳ್ಳೋ ಈ ಪದ್ಧತಿ ತಂತು. ಎರಡಾಣೆ ಅಂದ್ರೆ ರೂಪಾಯಿಯ ಎಂಟನೇ ಒಂದು ಪಾಲು. ಬ್ಯಾಂಕ್ ಮೆಟ್ಟಿಲು ಹತ್ತೋಕೆ ಹೆದರೋ ಜನ, ದಿನದ ಸಂಪಾದನೆ ದಿನಕ್ಕೇ ಮುಗಿಯೋ ಜನ, ಅವರ ಹತ್ರ ಬ್ಯಾಂಕೇ ನಡ್ಕೊಂಡು ಹೋಯ್ತು.

ಮಕ್ಕಳಿಗೆ ಇದರಲ್ಲಿ ಸಿಗೋ ಲಾಭ ಬಡ್ಡಿ ಅಲ್ಲ, ಅವಧಿಗೆ ಮೊದಲೇ ತೆಗೆದ್ರೆ ಬಡ್ಡಿ ಏನೂ ಇರಲ್ಲ ಅನ್ನೋ ಹಾಗೆ ಇರುತ್ತೆ. ದಿನಾ ಒಬ್ಬರು ಬಂದು ನಿಲ್ತಾರೆ, ಅವರೆದುರು ಇವತ್ತು ಇಲ್ಲ ಅನ್ನೋಕೆ ಮಗುಗೆ ಮನಸ್ಸು ಬರಲ್ಲ, ಅದೇ ಲಾಭ. ಅಪ್ಪನ ಅಂಗಡೀಲಿ ಸಂಜೆ ಕೂರೋ ಮಗು ಇದ್ರೆ ದಿನಕ್ಕೆ ಹತ್ತು ರೂಪಾಯಿ ಅದರ ಕೈಯಿಂದಲೇ ಕೊಡಿಸಿ. ಒಂದು ಎಚ್ಚರ, ಚೀಟಿ ಇಲ್ಲದೆ ಮೆಸೇಜ್ ಇಲ್ಲದೆ ನಾಳೆ ಬರೀತೀನಿ ಅಂದ್ರೆ ಒಪ್ಪಬೇಡಿ. ಇನ್ನೊಂದು, ಕಟ್ಟಿಸಿಕೊಳ್ಳೋರು ಬ್ಯಾಂಕಾ, ಪತ್ತಿನ ಸಹಕಾರ ಸಂಘನಾ ಅಂತ ಕೇಳಿ. ಬ್ಯಾಂಕಾದ್ರೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇರುತ್ತೆ. ಪತ್ತಿನ ಸಂಘಗಳಿಗೆ ಆ ವಿಮೆ ಇಲ್ಲ. ನಮ್ಮ ಕಡೆಯವರೊಬ್ಬರು ಹೀಗೇ ಒಂದು ಸಂಘದಲ್ಲಿ ಕಟ್ಟಿ ವರ್ಷಗಟ್ಟಲೆ ಅಲೆದಿದ್ದು ಕಣ್ಣಾರೆ ನೋಡಿದ್ದೀನಿ, ಮಗುವಿನ ಮೊದಲ ಉಳಿತಾಯ ಹಾಗಾಗಬಾರದು.

ಬ್ಯಾಂಕು, ಪೋಸ್ಟ್ ಆಫೀಸು, ಸುಕನ್ಯಾ

ಹತ್ತು ವರ್ಷ ಆದ ಮಗು ತನ್ನ ಹೆಸರಲ್ಲಿ ತಾನೇ ಅಕೌಂಟ್ ತೆಗೆದು ತಾನೇ ನಡೆಸಬಹುದು. ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಈ ಬಗ್ಗೆ ಹೊಸದಾಗಿ ಸೂಚನೆ ಕೊಡ್ತು, ಎಷ್ಟು ದುಡ್ಡಿನವರೆಗೆ, ಎಟಿಎಂ ಕಾರ್ಡು ಕೊಡ್ಬೇಕಾ ಬೇಡ್ವಾ ಅನ್ನೋದು ಆಯಾ ಬ್ಯಾಂಕಿಗೆ ಬಿಟ್ಟಿದ್ದು, ಆದ್ರೆ ಇದ್ದದ್ದಕ್ಕಿಂತ ಹೆಚ್ಚು ತೆಗೆಯೋ ಹಾಗಿಲ್ಲ, ಸಾಲ ಆಗೋ ಪ್ರಶ್ನೆನೇ ಇಲ್ಲ. ಹತ್ತಕ್ಕಿಂತ ಚಿಕ್ಕವರಿಗೆ ಪೋಷಕರ ಮೂಲಕ, ಅಮ್ಮನೂ ಪೋಷಕಿ ಆಗಬಹುದು, ಅಪ್ಪನೇ ಬರಬೇಕು ಅಂತ ಯಾರಾದ್ರೂ ಕೌಂಟರಲ್ಲಿ ಹೇಳಿದ್ರೆ ವಾಪಸ್ ಬರಬೇಡಿ.

ಪೋಸ್ಟ್ ಆಫೀಸಲ್ಲೂ ಹತ್ತು ದಾಟಿದ ಮಗು ತನ್ನ ಹೆಸರಲ್ಲೇ ಉಳಿತಾಯ ಖಾತೆ ತೆಗೀಬಹುದು, ಕನಿಷ್ಠ 500 ರೂಪಾಯಿ, ಬಡ್ಡಿ ನೂರಕ್ಕೆ 4. ಅಲ್ಲೇ ಆರ್‌ಡಿ ಇದೆ, ತಿಂಗಳಿಗೆ 100 ರೂಪಾಯಿಯಿಂದ ಐದು ವರ್ಷ. 6.7 ಬಡ್ಡಿ ಲೆಕ್ಕದಲ್ಲಿ ಕಟ್ಟಿದ 6,000 ಕೊನೆಗೆ 7,100ರ ಮೇಲೆ ಆಗುತ್ತೆ. ನಾನು ಮಗಳಿಗೆ ಬ್ಯಾಂಕಿಗಿಂತ ಪೋಸ್ಟ್ ಆಫೀಸ್ ಆರಿಸಿದ್ದು ಒಂದೇ ಕಾರಣಕ್ಕೆ, ಪಾಸ್‌ಬುಕ್ಕು. ಕೈಲಿ ಹಿಡಿಯೋಕೆ ಒಂದು ಪುಸ್ತಕ ಇದೆ, ಗೋಲಕ ಒಡೆದ ದುಡ್ಡು ಕಟ್ಟಿ ಬಂದಾಗ ಅದರಲ್ಲೊಂದು ಸಾಲು ಹೆಚ್ಚಾಗುತ್ತೆ, ರಾತ್ರಿ ಅದನ್ನ ದಿಂಬಿನ ಪಕ್ಕ ಇಟ್ಕೊಂಡು ಮಲಗಿದ್ಲು. ಆ್ಯಪಲ್ಲಿ ಕಾಣೋ ನಂಬರಿಗೆ ಅಷ್ಟು ಪ್ರೀತಿ ಬರಲ್ಲ.

ಸುಕನ್ಯಾ ಸಮೃದ್ಧಿ ಒಳ್ಳೇ ಯೋಜನೆ, 2015ರಿಂದ ಇದೆ, ಹೆಣ್ಣುಮಗುಗೆ ಹತ್ತು ತುಂಬೋದ್ರೊಳಗೆ ತೆಗೀಬೇಕು, ವರ್ಷಕ್ಕೆ 250ರಿಂದ ಒಂದೂವರೆ ಲಕ್ಷದವರೆಗೆ, 2024ರ ಜನವರಿಯಿಂದ ಬಡ್ಡಿ 8.2, ಖಾತೆ ತೆರೆದು 21 ವರ್ಷಕ್ಕೆ ಪಕ್ವ ಆಗೋದು. ನಾವೂ ಮಾಡಿಸಿದ್ದೀವಿ. ಆದ್ರೆ ಅದು ನಮ್ಮ ಉಳಿತಾಯ, ಮಗುವಿನ ಪಾಠ ಅಲ್ಲ. "ಮಕ್ಕಳಿಗೆ ಉಳಿತಾಯ ಕಲಿಸ್ತಿದ್ದೀವಿ, ಸುಕನ್ಯಾ ಇದೆ" ಅನ್ನೋರು ತುಂಬಾ ಜನ, ಆ ಮಗು ಒಂದ್ಸಲನೂ ಆ ಪುಸ್ತಕ ನೋಡಿರಲ್ಲ. ಇನ್ನೊಂದು ತಪ್ಪು ತಿಳುವಳಿಕೆ, ಮಗು ಹೆಸರಲ್ಲಿ ಎಫ್‌ಡಿ ಇಟ್ರೆ ತೆರಿಗೆ ಇಲ್ಲ ಅಂತ. ಆ ಬಡ್ಡಿ ಅಪ್ಪ ಅಮ್ಮನಲ್ಲಿ ಯಾರ ಆದಾಯ ಜಾಸ್ತಿನೋ ಅವರದ್ದಕ್ಕೆ ಸೇರುತ್ತೆ.

ಫೋನಲ್ಲಿ ಕೊಡೋದು

ಹದಿಮೂರು ಹದಿನಾಲ್ಕರ ಮಕ್ಕಳು ಇದನ್ನೇ ಕೇಳ್ತಾರೆ, ಎಲ್ಲರ ಹತ್ರ ಇದೆ ಅಂತ. 2024ರಲ್ಲಿ ಯುಪಿಐ ಸರ್ಕಲ್ ಅಂತ ಬಂತು, ನಮ್ಮ ಅಕೌಂಟಿಂದ ಮನೆಯ ಇನ್ನೊಬ್ಬರು ಖರ್ಚು ಮಾಡಬಹುದು. ಒಂದು ಬಗೇಲಿ ತಿಂಗಳಿಗೆ ಇಷ್ಟು ಅಂತ ಮಿತಿ ಹಾಕಿ ಬಿಡೋದು, ಹೆಚ್ಚಂದ್ರೆ 15,000. ಇನ್ನೊಂದರಲ್ಲಿ ಅವರು ಸ್ಕ್ಯಾನ್ ಮಾಡಿದಾಗೆಲ್ಲ ನಮ್ಮ ಫೋನಿಗೆ ಬಂದು ನಾವು ಪಿನ್ ಹಾಕಬೇಕು. ಮಕ್ಕಳಿಗೆ ಅಂತ ನೋಡಿದ್ರೆ ನನಗೆ ಎರಡೂ ಪೂರ್ತಿ ಇಷ್ಟ ಆಗಲ್ಲ. ಮೊದಲನೇದ್ರಲ್ಲಿ ದುಡ್ಡು ಕಣ್ಣಿಗೇ ಕಾಣಲ್ಲ. ಎರಡನೇದು ಮತ್ತೆ ಕೇಳಿದಾಗ ಕೊಡೋದೇ ಆಯ್ತು, ಬಾಯಲ್ಲಿ ಕೇಳೋ ಬದಲು ಫೋನಲ್ಲಿ. ನೋಟು ಹಿಡಿದು ಮೂರು ನಾಲ್ಕು ವರ್ಷ ಆಡಿದ ಮಗುಗೆ ಆಮೇಲೆ ಇದು ಪರವಾಗಿಲ್ಲ, ನೇರ ಇದರಿಂದಲೇ ಶುರು ಮಾಡೋದು ಮಾತ್ರ ಬೇಡ. ಪಿನ್ ನಂಬರ್ ಹೇಳಿಕೊಟ್ಟು ನಮ್ಮ ಫೋನ್ ಕೈಗಿಡೋದಂತೂ ಯಾವ ವಯಸ್ಸಿಗೂ ಬೇಡ.

ಚಂದಾ ಪುಸ್ತಕ, ಮುಯ್ಯಿ ಪುಸ್ತಕ

ಇವೆರಡನ್ನ ಯಾರೂ ದುಡ್ಡಿನ ಪಾಠ ಅಂತ ಲೆಕ್ಕಕ್ಕೆ ತಗೊಳ್ಳಲ್ಲ, ನನಗೆ ಮಾತ್ರ ಪಾಕೆಟ್ ಮನಿಗಿಂತ ಇವೇ ದೊಡ್ಡದು ಅನ್ಸುತ್ತೆ. ಬೀದಿ ಹುಡುಗರು ಗಣೇಶನ ಚಂದಾಕ್ಕೆ ಬಂದಾಗ ಬೈದು ಕಳಿಸೋ ಬದಲು ರಸೀದಿ ಕೇಳಿ, ಹಬ್ಬ ಆದ ಮೇಲೆ ಲೆಕ್ಕ ತೋರಿಸ್ತೀರಾ ಅಂತ ಕೇಳಿ. ನಮ್ಮ ಬೀದೀಲಿ ಹಾಗೆ ಕೇಳಿದ ವರ್ಷದಿಂದ ಮಕ್ಕಳು ಪೆಂಡಾಲಿನ ಕಂಬಕ್ಕೆ ಒಂದು ಹಾಳೆ ಅಂಟಿಸ್ತಾರೆ, ಬಂದಿದ್ದಿಷ್ಟು, ಮೂರ್ತಿಗಿಷ್ಟು, ಪ್ರಸಾದಕ್ಕಿಷ್ಟು, ಉಳಿದಿದ್ದಿಷ್ಟು. ತನ್ನದಲ್ಲದ ದುಡ್ಡನ್ನ ಹೇಗೆ ಹಿಡಿಯಬೇಕು ಅಂತ ಗೋಲಕ ಕಲಿಸಲ್ಲ, ಚಂದಾ ಕಲಿಸುತ್ತೆ.

ಮುಯ್ಯಿ ಬರೆಯೋಕೆ ಮದುವೆ ಮನೇಲಿ ಅಕ್ಷರ ದುಂಡಗಿರೋ ಮಕ್ಕಳನ್ನ ಕೂರಿಸ್ತಾರಲ್ಲ, ಮಗಳು ಹೋದ ಸಲ ತಾತನ ಪಕ್ಕ ಕೂತಿದ್ಲು. ಕವರ್ ಬಿಚ್ಚಿ ತಾತ ಹೇಳೋದು, ಇವಳು ಬರೆಯೋದು, ಐನೂರಾ ಒಂದು, ನೂರಾ ಒಂದು. ಒಬ್ಬರು ಅಜ್ಜಿ ಸೆರಗಿನ ಗಂಟು ಬಿಚ್ಚಿ ಐವತ್ತೊಂದು ಕೊಟ್ರಂತೆ. ಇವಳು ಮೆಲ್ಲಗೆ "ಇಷ್ಟೇನಾ ತಾತ" ಅಂದಿದ್ದಾಳೆ. ತಾತ ಹಳೇ ಪುಸ್ತಕ ತೆಗೆಸಿ ತೋರಿಸಿದ್ರಂತೆ, ನನ್ನ ಮದುವೇಲಿ ಅದೇ ಅಜ್ಜಿ, ಗಂಡ ತೀರಿಕೊಂಡ ವರ್ಷ, ಹತ್ತು ಸೇರು ಅಕ್ಕಿ ಮುಯ್ಯಿ ಮಾಡಿದ್ದು ಬರೆದಿತ್ತು. ಅವರ ಮನೆ ಕಾರ್ಯಕ್ಕೆ ನಾವು ತೀರಿಸಬೇಕಾದ್ದು ಎಷ್ಟು ಅಂತ ಅದನ್ನ ನೋಡೇ ಗೊತ್ತಾಗೋದು ಅಂದ್ರಂತೆ. ಮನೆಗೆ ಬಂದ ಮೇಲೂ ಮಗಳು ಅದೇ ಮಾತಾಡ್ತಿದ್ಲು.

ಹಾಗಾದ್ರೆ ಯಾವುದು?

ಐದರಿಂದ ಎಂಟು, ಅಂಗಡಿ ಚಿಲ್ಲರೆ, ಮಣ್ಣಿನ ಗೋಲಕ, ಜಾತ್ರೆ ಕಾಸು, ಇಷ್ಟು ಸಾಕು. ಎಂಟು ಒಂಬತ್ತಕ್ಕೆ ವಾರದ ದುಡ್ಡು ಶುರು ಮಾಡಿ, ಹೆಸರು ಬರೆದ ಚೀಲ ಸೇರಿಸಿ. ಹತ್ತು ದಾಟಿದ ಮೇಲೆ ಪಾಸ್‌ಬುಕ್ಕು. ಅಂಗಡಿ ಮನೆಯಾದ್ರೆ ಪಿಗ್ಮಿ. ಹದಿಮೂರಕ್ಕೆ ತಿಂಗಳ ದುಡ್ಡು, ಅದರಲ್ಲಿ ಬಟ್ಟೆ ಬರೆ ಖರ್ಚಿನ ಒಂದು ಪಾಲೂ ಅವರ ಜವಾಬ್ದಾರಿಗೆ ಬರಲಿ. ಕೂಡು ಕುಟುಂಬದಲ್ಲಿ ವಾರಗಿತ್ತಿ ಮಕ್ಕಳಿಗೂ ನಿಮ್ಮ ಮಕ್ಕಳಿಗೂ ಬೇರೆ ಬೇರೆ ಮೊತ್ತ ಕೊಡೋ ಹಾಗಾದ್ರೆ ಮೊದಲು ದೊಡ್ಡವರು ಕೂತು ಮಾತಾಡ್ಕೊಳ್ಳಿ, ಒಂದೇ ಮನೇಲಿ ಒಬ್ಬರಿಗೆ ಐವತ್ತು ಒಬ್ಬರಿಗೆ ಹತ್ತು ಅಂದ್ರೆ ಕಲಿಕೆ ಪಕ್ಕಕ್ಕೆ ಹೋಗಿ ಮನಸ್ತಾಪ ಉಳಿಯುತ್ತೆ. ಅಜ್ಜಿ ತಾತ ಕದ್ದು ಕೊಡೋದನ್ನ ತಡೆಯೋಕಾಗಲ್ಲ, ತಡೆಯೋದೂ ಬೇಡ, ಪುಸ್ತಕದಲ್ಲಿ ಬರೆಸಿದ್ರೆ ಸಾಕು.

ಆ ಪುಸ್ತಕ ಹುಟ್ಟಿದ್ದು ಹೇಗೆ ಅಂತ ಹೇಳ್ತೀನಿ ಅಂದಿದ್ನಲ್ಲ. ಮಗಳಿಗೆ ಹತ್ತು ವರ್ಷ ಇದ್ದಾಗ, ಒಂದು ಬೆಳಿಗ್ಗೆ ಹಾಲಿನವರಿಗೆ ಕೊಡೋಕೆ ದುಡ್ಡು ಸಾಲದೆ, ಅವಳು ಸ್ಕೂಲಿಗೆ ಹೋಗಿದ್ದಾಗ ಅವಳ ಡಬ್ಬಿಯಿಂದ ಮುನ್ನೂರು ತಗೊಂಡೆ, ಸಂಜೆ ಇಡೋಣ ಅಂತ. ಮರೆತೇಹೋಯ್ತು. ಎರಡು ತಿಂಗಳಾದ ಮೇಲೆ ಗೌರಿ ಹಬ್ಬಕ್ಕೆ ಅವರ ಮಾವ ಬಂದು ಐನೂರು ಕೊಟ್ಟು ಹೋದ, ಎತ್ತಿಡ್ತೀನಿ ಕೊಡು ಅಂದ್ರೆ ಕಳೆದುಹೋಯ್ತು ಅಂದ್ಲು. ಯಾವತ್ತೂ ಸುಳ್ಳು ಹೇಳೋ ಮಗು ಅಲ್ಲ. ಗದರಿಸಿ ಕೇಳಿದೆ, ಆವಾಗ ಅವಳು ರಫ್ ನೋಟ್‌ಬುಕ್ ತಂದು ಕೊನೇ ಪುಟ ತೆಗೆದು ತೋರಿಸಿದ್ಲು. ಪೆನ್ಸಿಲ್ಲಲ್ಲಿ ಬರೆದಿತ್ತು, "ಅಮ್ಮ 300 ಬಾಕಿ". ಪಕ್ಕದಲ್ಲಿ ತಾರೀಕು.

ಆವತ್ತು ಬೈಯೋಕೆ ನನ್ನ ಹತ್ರ ಏನೂ ಉಳಿದಿರಲಿಲ್ಲ. ಒಳಗೆ ಹೋಗಿ ಮುನ್ನೂರು ತಂದು ಅವಳ ಕೈಗೆ ಕೊಟ್ಟು, ಕೇಳದೆ ತಗೊಂಡಿದ್ದು ತಪ್ಪಾಯ್ತು ಅಂದೆ. ಅವಳು ಆ ಸಾಲಿನ ಮುಂದೆ "ಬಂತು" ಅಂತ ಬರೆದ್ಲು. ಐನೂರು ಎಲ್ಲಿದೆ ಅಂತ ನಾನು ಮತ್ತೆ ಕೇಳಲಿಲ್ಲ, ಅವಳೂ ಹೇಳಲಿಲ್ಲ. ದಸರಾ ರಜೆಗೆ ಊರಿಗೆ ಹೋಗಿ ಬಂದ ದಿನ ಚಪ್ಪಲಿ ಬಿಡೋಕೂ ಮುಂಚೆ ಅಮ್ಮಮ್ಮ ಕೊಟ್ಟ ಇನ್ನೂರು, ಮಾವ ಕೊಟ್ಟಿದ್ದ ಆ ಐನೂರು, ಎರಡನ್ನೂ ನನ್ನ ಮುಂದಿಟ್ಟು "ಮೊದಲು ಬರಿ ಅಮ್ಮ, ಆಮೇಲೆ ಎತ್ತಿಡು" ಅಂದ್ಲು.